ಹಾರ್ಟಿನ ಮಾತ್ರೆ ಕೂದಲಿಗೆ ಯಾಕೆ ಕೊಟ್ರಿ ಮೇಡಂ?

ಹೋದ ಮಳೆಗಾಲದಲ್ಲಿ ಹೊಸನಗರದ ಕಡೆಯಿಂದ ಒಬ್ಬ ಮಹಿಳೆ ಶಿವಮೊಗ್ಗದ ನನ್ನ ಚರ್ಮದ ಕ್ಲಿನಿಕ್ಕಿಗೆ ಎರಡನೇ ಸಲ ಬಂದಿದ್ದರು. ವಯಸ್ಸು 38. ಬ್ಯಾಗಿನಿಂದ ಮಾತ್ರೆಯ ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟರು. ಹತ್ತರಲ್ಲಿ ಮೂರೇ ಖಾಲಿ. 'ಮೆಡಿಕಲ್ ಶಾಪಿನಲ್ಲಿ ಇದು ಹಾರ್ಟಿಗೆ, ಬಿಪಿಗೆ ಕೊಡೋದು ಅಂದ್ರು. ನನಗೆ ಉದುರ್ತಿರೋದು ಕೂದಲು. ಹಾರ್ಟಿನ ಮಾತ್ರೆ ಯಾಕೆ ಕೊಟ್ರಿ ಮೇಡಂ?'

ತಪ್ಪು ಅವರದ್ದಲ್ಲ. ಮೊದಲ ಸಲವೇ ನಾನು ಬಿಡಿಸಿ ಹೇಳಬೇಕಿತ್ತು. ಅವತ್ತು ಕೂತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅವರ ಹಣೆಯ ಮೇಲಿನ ಕೂದಲು ಹಾಗೇ ಇತ್ತು. ಬೈತಲೆ ಮಾತ್ರ ನೆತ್ತಿಯ ಹತ್ತಿರ ಅಗಲವಾಗಿತ್ತು. ಅಲ್ಲಿನ ನಾಲ್ಕು ಎಳೆ ಬೆರಳಲ್ಲಿ ಹಿಡಿದು ನೋಡಿದರೆ ಒಂದು ದಪ್ಪ, ಪಕ್ಕದ್ದು ಜೇಡರ ಬಲೆಯಷ್ಟು ತೆಳು. 'ಮುಂಚೆ ರಬ್ಬರ್ ಬ್ಯಾಂಡ್ ಎರಡು ಸುತ್ತಿಗೆ ನಿಲ್ತಿತ್ತು, ಈಗ ನಾಲ್ಕು ಸುತ್ತು ಬೇಕು' ಅಂದರು. ನನಗೆ ಈ ಮಾತು ಎಷ್ಟೋ ರಿಪೋರ್ಟಿಗಿಂತ ಜಾಸ್ತಿ ಹೇಳುತ್ತದೆ.

ಹೆಂಗಸರ ಮೈಯಲ್ಲೂ ಗಂಡಸರ ಹಾರ್ಮೋನು ಸ್ವಲ್ಪ ಇದ್ದೇ ಇರುತ್ತದೆ. ಅದರಲ್ಲಿ ಟೆಸ್ಟೋಸ್ಟಿರಾನ್ ಅನ್ನೋದು ಕೂದಲಿನ ಬುಡದ ಹತ್ತಿರ ಡಿಎಚ್‌ಟಿ ಎಂಬ ಇನ್ನೂ ಜೋರಾದ ರೂಪಕ್ಕೆ ತಿರುಗುತ್ತದೆ. ಕೆಲವರ ನೆತ್ತಿಯ ಕೂದಲಿನ ಬುಡ ಇದನ್ನು ತಾಳಿಕೊಳ್ಳುವುದಿಲ್ಲ. ಪ್ರತಿ ಸಲ ಹುಟ್ಟುವ ಕೂದಲು ಹಿಂದಿನದಕ್ಕಿಂತ ತೆಳುವಾಗುತ್ತಾ ಹೋಗುತ್ತದೆ. ರಕ್ತದಲ್ಲಿ ಹಾರ್ಮೋನು ಸರಿಯಾಗೇ ಇರಬಹುದು. 'ರಿಪೋರ್ಟ್ ನಾರ್ಮಲ್ ಬಂತು, ಮತ್ತೆ ಹಾರ್ಮೋನಿನ ಔಷಧಿ ಯಾಕೆ' ಅನ್ನುವವರಿಗೆ ಇದೇ ಉತ್ತರ.

ಆ ಸ್ಟ್ರಿಪ್ಪಿನಲ್ಲಿದ್ದದ್ದು ಸ್ಪೈರೊನೊಲ್ಯಾಕ್ಟೋನ್. ಮೈಯ ಹೆಚ್ಚಿನ ನೀರು, ಉಪ್ಪು ಹೊರಗೆ ಹಾಕುವ ಮಾತ್ರೆ. ಹಾರ್ಟಿಗೆ, ಬಿಪಿಗೆ ಕೊಡೋದು ನಿಜ. ಮೆಡಿಕಲ್ ಶಾಪಿನವರು ಸುಳ್ಳು ಹೇಳಲಿಲ್ಲ. ಆದರೆ ಇದಕ್ಕೆ ಇನ್ನೊಂದು ಗುಣ ಇದೆ. ಗಂಡು ಹಾರ್ಮೋನು ಕೂರುವ ಜಾಗಕ್ಕೆ ತಾನೇ ಮೊದಲು ಹೋಗಿ ಕೂತುಬಿಡುತ್ತದೆ, ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕಿದ ಹಾಗೆ. ಕೂದಲಿಗೆ ಅಂತ ಇದಕ್ಕೆ ಪ್ರತ್ಯೇಕ ಮಂಜೂರಾತಿ ಇಲ್ಲ. ಆದರೂ ಚರ್ಮದ ಡಾಕ್ಟರುಗಳು ಬಹಳ ವರ್ಷದಿಂದ ಬಳಸುತ್ತಿದ್ದೇವೆ. 25 ಅಥವಾ 50 ಮಿಲಿಗ್ರಾಮಿನಿಂದ ಶುರು ಮಾಡಿ, ಮೈಗೆ ಹಿಡಿದರೆ 100ರವರೆಗೆ ಏರಿಸುತ್ತೇವೆ. ಸಾಮಾನ್ಯವಾಗಿ ಜೊತೆಗೆ ತಲೆಗೆ ಹಚ್ಚುವ ಮಿನಾಕ್ಸಿಡಿಲ್ ಇರುತ್ತದೆ. ಅದು ಹಾರ್ಮೋನಿನ ಮೇಲೆ ಕೆಲಸ ಮಾಡುವುದಲ್ಲ.

ಆರು ತಿಂಗಳು ಕಾಯಲೇಬೇಕು. ಕೂದಲು ಬೆಳೆಯೋದೇ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಅಲ್ವಾ? ಕಾಲೇಜಿನ ದಿನಗಳ ಜಡೆ ವಾಪಸ್ ಬರುತ್ತದೆ ಅಂತ ನಾನು ಯಾರಿಗೂ ಹೇಳುವುದಿಲ್ಲ. ಇರುವುದು ಉಳಿದರೆ ಅದು ಗೆಲುವೇ. ಕೆಲವರಿಗೆ ಅದರ ಮೇಲೆ ಸ್ವಲ್ಪ ದಪ್ಪವೂ ಆಗುತ್ತದೆ. ತಲೆ ಸುತ್ತುವುದು, ಮುಟ್ಟು ಏರುಪೇರಾಗುವುದು, ಸ್ತನ ನೋಯುವುದು ಆಗಬಹುದು. ಹಾಗಾದರೆ ಬಂದು ಹೇಳಿ. ಡೋಸ್ ಇಳಿಸಿ ನೋಡಬಹುದು.

ನನಗೆ ನಿಜವಾಗಿ ಭಯ ಆಗೋದು ಬೇರೆ ವಿಷಯಕ್ಕೆ. ನಮ್ಮ ಮನೆಗಳಲ್ಲಿ ಮಾತ್ರೆ ಕೈಯಿಂದ ಕೈಗೆ ದಾಟುತ್ತದೆ. 'ಅಕ್ಕಂಗೆ ಚೆನ್ನಾಗಿ ಹಿಡೀತು' ಅಂತ ತಂಗಿ ನುಂಗುತ್ತಾಳೆ. ಗಂಡನಿಗೆ ಕೂದಲಿಗೆ ಅಂತ ಕೊಟ್ಟಿದ್ದ, ಡಿಎಚ್‌ಟಿ ಕಡಿಮೆ ಮಾಡುವ ಫಿನಾಸ್ಟಿರೈಡ್ ಮಾತ್ರೆಯನ್ನು ತಾನೂ ದಿನಕ್ಕೊಂದು ತಗೊಳ್ಳುತ್ತಿದ್ದ ಹುಡುಗಿಯನ್ನು ನಾನೇ ನೋಡಿದ್ದೇನೆ. ಮದುವೆಯಾಗಿ ನಾಲ್ಕು ತಿಂಗಳು. ಸ್ಪೈರೊನೊಲ್ಯಾಕ್ಟೋನ್, ಫಿನಾಸ್ಟಿರೈಡ್ ಎರಡೂ ಬಸುರಿಯ ಹೊಟ್ಟೆಯಲ್ಲಿರುವ ಗಂಡು ಮಗುವಿನ ಜನನಾಂಗದ ಬೆಳವಣಿಗೆ ಕೆಡಿಸಬಲ್ಲವು. ಮಗು ಬೇಕು ಅನ್ನುವವರು ಇವನ್ನು ಮುಟ್ಟಬಾರದು. ತಗೊಳ್ಳುತ್ತಿದ್ದರೆ ಮೊದಲೇ ಡಾಕ್ಟರಿಗೆ ಹೇಳಿ ನಿಲ್ಲಿಸಬೇಕು. ಹೊಸನಗರದವರಿಗೆ ಎರಡು ಮಕ್ಕಳಾಗಿ ಆಪರೇಷನ್ ಆಗಿತ್ತು. ಅದನ್ನು ಕೇಳಿಕೊಂಡೇ ಬರೆದದ್ದು.

ಇನ್ನೊಂದು, ಪೊಟ್ಯಾಸಿಯಂ ಎಂಬ ಲವಣ, ಬಾಳೆಹಣ್ಣಿನಲ್ಲೂ ಇರುವಂಥದ್ದು. ಸ್ಪೈರೊನೊಲ್ಯಾಕ್ಟೋನ್ ಅದನ್ನು ಮೈಯಲ್ಲೇ ಉಳಿಸುತ್ತದೆ. ಕಿಡ್ನಿ ಸರಿಯಿರುವ ಚಿಕ್ಕ ವಯಸ್ಸಿನವರಿಗೆ ಒಂದು ಬಾಳೆಹಣ್ಣಿನಿಂದ ಏನೂ ಆಗುವುದಿಲ್ಲ. ಆದರೆ ಬಿಪಿಗೆ ಟೆಲ್ಮಿಸಾರ್ಟನ್, ರಾಮಿಪ್ರಿಲ್ ಥರದ ಮಾತ್ರೆ ನಡೆಯುತ್ತಿದ್ದರೆ, ಕಿಡ್ನಿ ತೊಂದರೆ ಇದ್ದರೆ, ನನಗೆ ಹೇಳದೆ ಮುಚ್ಚಿಡಬೇಡಿ. ಪೊಟ್ಯಾಸಿಯಂ ಮಿತಿಮೀರಿದರೆ ಅದು ಎದೆಬಡಿತಕ್ಕೇ ಅಪಾಯ ತರುವ ವಿಷಯ.

ಎಲ್ಲ ಕೂದಲು ಉದುರುವಿಕೆಗೂ ಹಾರ್ಮೋನು ಕಾರಣವಲ್ಲ. ಬಚ್ಚಲಲ್ಲಿ ಮುಷ್ಟಿಗಟ್ಟಲೆ ಬರುತ್ತಿದೆ, ಬೈತಲೆ ಅಗಲವಾಗಿಲ್ಲ ಅಂದರೆ ನಾನು ಮೊದಲು ಕೇಳುವುದು, 'ಎರಡು ಮೂರು ತಿಂಗಳ ಹಿಂದೆ ಜ್ವರ ಬಂದಿತ್ತಾ?' ಡೆಂಗಿ, ಟೈಫಾಯ್ಡ್, ನಮ್ಮ ಕಾಡಂಚಿನ ಊರುಗಳ ಮಂಗನ ಕಾಯಿಲೆ, ಯಾವ ಜೋರು ಜ್ವರವಾದರೂ ಕೂದಲು ತಡವಾಗಿ ಉದುರಬಹುದು. ಬಾಣಂತಿಯರಿಗೂ ಹೀಗೇ. ಇದು ಸಾಮಾನ್ಯವಾಗಿ ತಾನಾಗೇ ನಿಲ್ಲುತ್ತದೆ. ಅಲ್ಲಿ ಹಾರ್ಮೋನಿನ ಮಾತ್ರೆ ಸುಮ್ನೆ ದಂಡ. ಕಬ್ಬಿಣಾಂಶ, ಥೈರಾಯ್ಡ್ ನೋಡಿಸಿ. ಕೂದಲಿಗೆ ಅಂತ ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗುತ್ತಿದ್ದರೆ ರಕ್ತ ಕೊಡುವ ಮುಂಚೆ ಹೇಳಿ, ಥೈರಾಯ್ಡ್ ರಿಪೋರ್ಟನ್ನೇ ಅದು ತಪ್ಪು ತೋರಿಸಬಹುದು. ಮತ್ತಿ ಸೊಪ್ಪು, ದಾಸವಾಳದಲ್ಲಿ ತಲೆ ತೊಳೆಯುವುದಕ್ಕೆ ನನ್ನ ತಕರಾರಿಲ್ಲ. ಕೂದಲು ನುಣುಪಾಗುತ್ತದೆ. ಬುಡದ ಒಳಗೆ ನಡೆಯುವುದನ್ನು ಅದು ಮುಟ್ಟುವುದಿಲ್ಲ.

ಮುಟ್ಟು ತಪ್ಪುತ್ತಾ ಗಲ್ಲದ ಮೇಲೆ ಒರಟು ಕೂದಲು ಬಂದರೆ ಪಿಸಿಓಎಸ್, ಅಂದರೆ ಗಂಡು ಹಾರ್ಮೋನು ಹೆಚ್ಚಾಗಿ ಅಂಡಾಶಯದ ಕೆಲಸ ಏರುಪೇರಾಗುವ ತೊಂದರೆ, ಇದೆಯಾ ಅಂತ ನೋಡಬೇಕು. ಅಲ್ಲಿ ಗರ್ಭನಿರೋಧಕ ಮಾತ್ರೆಯೂ ಕೆಲಸಕ್ಕೆ ಬರುತ್ತದೆ. ಕೆಲವೇ ತಿಂಗಳಲ್ಲಿ ದನಿ ಗಡಸಾಗಿ ಮೀಸೆ ದಟ್ಟವಾದರೆ ತಡಮಾಡದೆ ಬನ್ನಿ. ಅಂಡಾಶಯದಲ್ಲಿ, ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು.

ಹೊಸನಗರದವರು ಮತ್ತೆ ಮಾತ್ರೆ ಶುರು ಮಾಡಿದರು. ಪ್ರತಿ ಸಲ ಅದೇ ಕುರ್ಚಿ, ಅದೇ ದೀಪದ ಕೆಳಗೆ ಬೈತಲೆಯ ಫೋಟೋ ತೆಗೆಯುತ್ತೇನೆ. ಎಂಟು ತಿಂಗಳಾದ ಮೇಲಿನ ಫೋಟೋವನ್ನು ಮೊದಲನೆಯದರ ಪಕ್ಕ ಇಟ್ಟು ಇಬ್ಬರೂ ನೋಡಿದೆವು. ಬೈತಲೆ ಇನ್ನಷ್ಟು ಅಗಲವಾಗಿಲ್ಲ. ನೆತ್ತಿಯಲ್ಲಿ ಬೆರಳುದ್ದದ ಹೊಸ ಕೂದಲು ನಿಂತಿದೆ. 'ರಬ್ಬರ್ ಬ್ಯಾಂಡ್ ಇನ್ನೂ ನಾಲ್ಕೇ ಸುತ್ತು ಮೇಡಂ, ಐದಾಗಿಲ್ಲ' ಅಂದರು. ಮುಂದಿನ ಫೋಟೋ ಮಳೆ ಹಿಡಿಯುವ ಮುಂಚೆ.