ಆಲ್ಟರ್ನೇಟರ್ ಇಲ್ಲದ ಟ್ರಕ್ಕಿನಲ್ಲಿ ಚಾರ್ಜಿಂಗ್ ದೋಷವನ್ನು ಹುಡುಕುವ ಕ್ರಮ

ರ‍್ಯಾಮ್ 1500 ಪಿಕಪ್ ಟ್ರಕ್ಕುಗಳಿಗೆ 2019ರ ಮಾದರಿಯಿಂದ ಇ-ಟಾರ್ಕ್ ಎಂಬ 48 ವೋಲ್ಟಿನ ಮೈಲ್ಡ್ ಹೈಬ್ರಿಡ್ (ಎಂಜಿನ್ನಿಗೆ ಸಣ್ಣ ವಿದ್ಯುತ್ ಮೋಟರು ನೆರವಾಗುವ) ವ್ಯವಸ್ಥೆ ಬಂದಿದೆ. ಅಮೆರಿಕದಲ್ಲಿ ಇಂಥ ಟ್ರಕ್ಕನ್ನು ದುರಸ್ತಿಗೆ ತರುವವರು ಸಾಮಾನ್ಯವಾಗಿ ‘ಹೈಬ್ರಿಡ್ ಬ್ಯಾಟರಿ ಹಾಳಾಗಿದೆಯಂತೆ’ ಎಂದೇ ಮಾತು ಆರಂಭಿಸುತ್ತಾರೆ. ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ದೀಪ ಹೊತ್ತಿರುತ್ತದೆ, ಸಿಗ್ನಲ್ಲಿನಲ್ಲಿ ಎಂಜಿನ್ ತಾನಾಗಿ ನಿಂತು ಮತ್ತೆ ಚಾಲೂ ಆಗುವ ಸ್ಟಾರ್ಟ್-ಸ್ಟಾಪ್ ಸೌಲಭ್ಯ ಕೆಲಸ ನಿಲ್ಲಿಸಿರುತ್ತದೆ. ಆದರೆ ನನ್ನ ಕೆಲಸದ ಅನುಭವದಲ್ಲಿ ಆ ದುಬಾರಿ 48 ವೋಲ್ಟಿನ ಬ್ಯಾಟರಿ ಪ್ಯಾಕ್ ನಿಜವಾಗಿ ಕೆಟ್ಟಿರುವುದು ಕಡಿಮೆ. ಬಹುಪಾಲು ದೂರುಗಳ ಮೂಲ 12 ವೋಲ್ಟಿನ ಸಾಧಾರಣ ಬ್ಯಾಟರಿಯಲ್ಲೋ ಅದರ ಕೇಬಲ್ಲುಗಳಲ್ಲೋ ಇರುತ್ತದೆ. ಆದ್ದರಿಂದ ಪರೀಕ್ಷೆ ಅಲ್ಲಿಂದಲೇ ಆರಂಭವಾಗಬೇಕು.

ಈ ಟ್ರಕ್ಕಿನಲ್ಲಿ ವಿದ್ಯುತ್ತು ಹರಿಯುವ ದಾರಿಯನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಎಂಜಿನ್ನಿನಿಂದ ತಿರುಗಿ ಬ್ಯಾಟರಿಯನ್ನು ಚಾರ್ಜ್ ಮಾಡುವ ಹಳೆಯ ಬಗೆಯ ಆಲ್ಟರ್ನೇಟರ್ ಇಲ್ಲಿ ಇಲ್ಲ. ಅದರ ಜಾಗದಲ್ಲಿ ಬೆಲ್ಟಿನಿಂದ ತಿರುಗುವ, ಮೋಟರಾಗಿಯೂ ಜನರೇಟರಾಗಿಯೂ ದುಡಿಯುವ ಒಂದು ಘಟಕವಿದೆ. ಅದು ಉತ್ಪಾದಿಸುವ 48 ವೋಲ್ಟಿನ ವಿದ್ಯುತ್ತು ಕ್ಯಾಬಿನ್ನಿನ ಹಿಂಗೋಡೆಗೆ ಅಳವಡಿಸಿರುವ 430 ವ್ಯಾಟ್-ಅವರ್ ಸಾಮರ್ಥ್ಯದ ಲಿಥಿಯಂ-ಅಯಾನ್ ಪ್ಯಾಕಿಗೆ ಹೋಗುತ್ತದೆ. ಅಲ್ಲಿಂದ ಡಿಸಿ-ಡಿಸಿ ಕನ್ವರ್ಟರ್ ಅದನ್ನು ತಗ್ಗಿಸಿ 12 ವೋಲ್ಟಿನ ಬ್ಯಾಟರಿಗೂ ದೀಪ, ಫ್ಯಾನು, ಕಂಪ್ಯೂಟರುಗಳಿಗೂ ಕೊಡುತ್ತದೆ. ಸಿಗ್ನಲ್ಲಿನಲ್ಲಿ ನಿಂತ ಎಂಜಿನ್ನನ್ನು ಮತ್ತೆ ಎಬ್ಬಿಸುವುದು ಬೆಲ್ಟಿನ ಘಟಕವಾದರೂ, ಬೆಳಿಗ್ಗೆ ತಣ್ಣಗಿರುವ ಎಂಜಿನ್ನನ್ನು ಮೊದಲ ಸಲ ಚಾಲೂ ಮಾಡುವುದು 12 ವೋಲ್ಟಿನ ಸೆಲ್ಫ್ ಮೋಟರೇ. ಬೆಳಿಗ್ಗೆ ಸ್ಟಾರ್ಟ್ ಮಾಡಲು ಹೋದಾಗ ಬರೀ ‘ಟಿಕ್’ ಎಂಬ ಸದ್ದು ಬಂದರೆ ಸಂಶಯ ಹೋಗಬೇಕಾದದ್ದು ಹಿಂಗೋಡೆಯ ಪ್ಯಾಕಿನ ಮೇಲಲ್ಲ, ಬಾನೆಟ್ಟಿನ ಕೆಳಗಿನ ಬ್ಯಾಟರಿಯ ಮೇಲೆ.

ಆ ಬ್ಯಾಟರಿಯನ್ನು ಪರೀಕ್ಷಿಸುವಾಗ ಮಲ್ಟಿಮೀಟರಿನ ಒಂದೇ ಅಂಕಿಯನ್ನು ನಂಬಬಾರದು. ಎಜಿಎಂ ಬಗೆಯ (ಆಮ್ಲವನ್ನು ಗಾಜಿನ ನಾರಿನ ಹಾಸು ಹೀರಿಕೊಂಡಿರುವ) ಬ್ಯಾಟರಿ ಕೆಲವು ಗಂಟೆ ವಿಶ್ರಾಂತಿ ಪಡೆದ ಮೇಲೆ 12.8 ವೋಲ್ಟ್ ತೋರಿಸಿದರೆ ಪೂರ್ಣ ಚಾರ್ಜ್ ಆಗಿದೆ ಎಂದೂ, 12.2ರ ಆಸುಪಾಸಿನಲ್ಲಿದ್ದರೆ ಅರ್ಧದಷ್ಟೇ ಉಳಿದಿದೆ ಎಂದೂ ತಿಳಿಯಬಹುದು. ಆದರೆ ಪೂರ್ಣ ವೋಲ್ಟೇಜ್ ಇದ್ದೂ ಹೊರೆ ಬಿದ್ದೊಡನೆ ಕುಸಿಯುವ ಬ್ಯಾಟರಿಗಳು ಎಷ್ಟೋ ಇವೆ. ಹಾಗಾಗಿ ಲೋಡ್ ಟೆಸ್ಟ್ ಅಗತ್ಯ: ಬ್ಯಾಟರಿಯ ಕೋಲ್ಡ್ ಕ್ರ್ಯಾಂಕಿಂಗ್ ಆಂಪಿಯರ್ (ಚಳಿಯಲ್ಲಿ ಎಂಜಿನ್ ಚಾಲೂ ಮಾಡಲು ಅದು ಕೊಡಬಲ್ಲ ಕರೆಂಟು) ಅಂಕಿಯ ಅರ್ಧದಷ್ಟು ಹೊರೆಯನ್ನು 15 ಸೆಕೆಂಡು ಹಾಕಿದಾಗ, 21 ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲಿ, ವೋಲ್ಟೇಜ್ 9.6ಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಬೇರೇನನ್ನೂ ಬಿಚ್ಚುವ ಮೊದಲು ಬ್ಯಾಟರಿಯನ್ನು ಬದಲಿಸಿ. ಸೆಲ್ಫ್ ತಿರುಗುವ ಕ್ಷಣದಲ್ಲಿ ವೋಲ್ಟೇಜ್ ಕುಸಿದರೆ ಒಂದೊಂದು ಕಂಪ್ಯೂಟರೂ ತನಗೆ ಬೇಕಾದ ಸಂದೇಶ ಬರಲಿಲ್ಲವೆಂದು ದೋಷ ದಾಖಲಿಸುತ್ತದೆ. ಪಿ0562 ಎಂಬ ಕಡಿಮೆ ವೋಲ್ಟೇಜಿನ ಸಂಕೇತದ ಜೊತೆಗೆ, ಕನ್ವರ್ಟರಿನೊಂದಿಗೆ ಸಂಪರ್ಕ ತಪ್ಪಿದೆ ಎನ್ನುವ ಯು0298 ಕೂಡ ಕಾಣಿಸಿಕೊಳ್ಳಬಹುದು. ಎರಡನೆಯದನ್ನು ಮಾತ್ರ ಓದಿ ಕನ್ವರ್ಟರಿಗೆ ಆರ್ಡರ್ ಮಾಡಿದವರ ಹಣ ನೀರುಪಾಲಾಗುತ್ತದೆ.

ಬ್ಯಾಟರಿ ಚೆನ್ನಾಗಿದ್ದೂ ತೊಂದರೆ ಮುಂದುವರಿದರೆ ನಾನು ಮೊದಲು ನೋಡುವುದು ನೆಗೆಟಿವ್ ಟರ್ಮಿನಲ್ಲನ್ನು. ಅಲ್ಲಿರುವ ಪುಟ್ಟ ಸೆನ್ಸರ್ ಬ್ಯಾಟರಿಗೆ ಒಳಬರುವ ಮತ್ತು ಹೊರಹೋಗುವ ಕರೆಂಟನ್ನು ಅಳೆಯುತ್ತ ಅದರ ಲೆಕ್ಕವನ್ನು ಇಟ್ಟಿರುತ್ತದೆ. ಎಷ್ಟು ಚಾರ್ಜ್ ಮಾಡಬೇಕು, ಸಿಗ್ನಲ್ಲಿನಲ್ಲಿ ಎಂಜಿನ್ ನಿಲ್ಲಿಸಬಹುದೇ ಎಂಬುದೆಲ್ಲ ಆ ಲೆಕ್ಕವನ್ನು ಅವಲಂಬಿಸಿದೆ. ಒಬ್ಬ ಗ್ರಾಹಕರ ಟ್ರಕ್ಕಿಗೆ ಬೇರೊಂದು ಗ್ಯಾರೇಜಿನಲ್ಲಿ 48 ವೋಲ್ಟಿನ ಪ್ಯಾಕ್ ಬದಲಿಸಬೇಕೆಂದು ಹೇಳಿದ್ದರು. ತೆರೆದು ನೋಡಿದರೆ ಮುಂಬದಿಗೆ ಕೂರಿಸಿದ್ದ ವಿಂಚ್ (ಹಗ್ಗ ಸುತ್ತಿ ಭಾರ ಎಳೆಯುವ ಯಂತ್ರ) ಮತ್ತು ಹೆಚ್ಚುವರಿ ದೀಪಗಳ ಅರ್ಥ್ ವೈರುಗಳನ್ನು ನೇರವಾಗಿ ಬ್ಯಾಟರಿಯ ಕಂಬಕ್ಕೇ ಬಿಗಿದಿದ್ದರು. ಅವು ಎಳೆಯುವ ಕರೆಂಟು ಸೆನ್ಸರನ್ನು ದಾಟಿ ಹೋಗುತ್ತಲೇ ಇರಲಿಲ್ಲ. ಬ್ಯಾಟರಿ ನಿಜಕ್ಕೂ ಬರಿದಾಗುತ್ತಿದ್ದರೂ ಟ್ರಕ್ಕಿನ ಲೆಕ್ಕದಲ್ಲಿ ಅದು ತುಂಬಿಯೇ ಇತ್ತು. ಅರ್ಥ್ ವೈರುಗಳನ್ನು ಸೆನ್ಸರಿನಿಂದ ಆಚೆ, ಚಾಸಿಯ ಗ್ರೌಂಡ್ (ಅರ್ಥ್) ಬೋಲ್ಟಿಗೆ ಸ್ಥಳಾಂತರಿಸಿ, ಬ್ಯಾಟರಿಯನ್ನು ಹೊರಗಿನ ಚಾರ್ಜರಿನಿಂದ ನಿಧಾನವಾಗಿ ತುಂಬಿಸಿದ ಮೇಲೆ ದೂರು ಮತ್ತೆ ಬರಲಿಲ್ಲ. ಪಿಕಪ್ ಕೆಲಸದ ವಾಹನವಾದ್ದರಿಂದ ಇಂಥ ಸೇರ್ಪಡೆಗಳು ಸಹಜ. ಅವನ್ನು ಕೂರಿಸಿಕೊಟ್ಟವರನ್ನು ‘ಅರ್ಥ್ ಎಲ್ಲಿಗೆ ಕೊಟ್ಟಿದ್ದೀರಿ’ ಎಂದು ಒಮ್ಮೆ ಕೇಳಿದರೆ ಅರ್ಧ ಕೆಲಸ ಮುಗಿಯುತ್ತದೆ.

ಎಂಜಿನ್ ಓಡುತ್ತಿರುವಾಗ 12 ವೋಲ್ಟಿನ ಟರ್ಮಿನಲ್ಲುಗಳಲ್ಲಿ ಸಾಮಾನ್ಯವಾಗಿ 13.5ರಿಂದ 14.8 ವೋಲ್ಟ್ ಕಾಣಬೇಕು. ಇಂಧನ ಉಳಿಸಲು ಕಂಪ್ಯೂಟರೇ ಆಗಾಗ ಚಾರ್ಜಿಂಗನ್ನು ತಗ್ಗಿಸುವುದರಿಂದ ಒಂದು ಕ್ಷಣದ ಕಡಿಮೆ ಅಂಕಿ ದೋಷದ ಸಾಕ್ಷಿಯಲ್ಲ. ಹೆಡ್‌ಲೈಟು, ಬ್ಲೋವರು, ಹಿಂಗಾಜಿನ ಹೀಟರುಗಳನ್ನು ಹಾಕಿ ಕೆಲ ನಿಮಿಷ ಗಮನಿಸಬೇಕು. ಆಗಲೂ ಅಂಕಿ 12ರ ಕಡೆಗೆ ಜಾರುತ್ತಲೇ ಹೋದರೆ ಮೊದಲು ಕೇಬಲ್ಲುಗಳಲ್ಲಿ ವೋಲ್ಟೇಜ್ ಎಷ್ಟು ಸೋರುತ್ತಿದೆ ಎಂದು ನೋಡಬೇಕು. ಹೊರೆ ಇರುವಾಗಲೇ ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಎಂಜಿನ್ನಿನ ಲೋಹಕ್ಕೂ ನಡುವೆ ಮೀಟರ್ ಹಿಡಿದಾಗ 0.2 ವೋಲ್ಟಿಗಿಂತ ಹೆಚ್ಚು ಬಂದರೆ ಗ್ರೌಂಡ್ ಸಂಪರ್ಕ ಕೆಟ್ಟಿದೆ. ರಸ್ತೆಗೆ ಉಪ್ಪು ಹಾಕುವ ಮಿಷಿಗನ್‌ನಂಥ ಚಳಿಯ ರಾಜ್ಯಗಳಲ್ಲಿ ಬೋಲ್ಟಿನ ಅಡಿಯ ತುಕ್ಕು ಹೊರಗಿನಿಂದ ಕಾಣದೆಯೇ ಈ ಕೆಲಸ ಮಾಡಿರುತ್ತದೆ. ಹಿಂದಿನ ಕಾಲದಲ್ಲಿ ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಕೇಬಲ್ ಕಳಚಿ ಆಲ್ಟರ್ನೇಟರನ್ನು ಪರೀಕ್ಷಿಸುವವರಿದ್ದರು. ಇಲ್ಲಿ ಹಾಗೆ ಎಂದಿಗೂ ಮಾಡಬೇಡಿ, ವೋಲ್ಟೇಜ್ ಒಮ್ಮೆಲೇ ಏರಿ ಕನ್ವರ್ಟರೂ ಕಂಪ್ಯೂಟರುಗಳೂ ಸುಟ್ಟುಹೋಗಬಹುದು.

ಬೆಲ್ಟಿನ ಪರೀಕ್ಷೆ ಸರಳ, ಆದರೂ ಅದನ್ನೇ ಮರೆಯುವುದು ಹೆಚ್ಚು. ಈ ಬೆಲ್ಟ್ ಜನರೇಟರನ್ನು ತಿರುಗಿಸುವುದಷ್ಟೇ ಅಲ್ಲದೆ ಎಂಜಿನ್ನಿಗೆ ಬಲವನ್ನೂ ಕೊಡುವುದರಿಂದ ಎರಡೂ ದಿಕ್ಕಿನ ಎಳೆತವನ್ನು ತಾಳಿಕೊಳ್ಳಬೇಕು. ಸವೆದ ಬೆಲ್ಟ್, ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಸಡಿಲವಾಗಿರುವುದು, ಎಣ್ಣೆ ಬಿದ್ದ ಪುಲಿ, ಇವುಗಳಲ್ಲಿ ಯಾವುದಿದ್ದರೂ ಚಾರ್ಜಿಂಗ್ ಕುಂಠಿತವಾಗುತ್ತದೆ.

ಇಷ್ಟೆಲ್ಲ ಸರಿಯಿದ್ದ ಮೇಲಷ್ಟೇ 48 ವೋಲ್ಟಿನ ಪ್ಯಾಕಿನ ಸರದಿ. ಲಿಥಿಯಂ ಸೆಲ್ಲುಗಳನ್ನು ಶೂನ್ಯ ಡಿಗ್ರಿಗಿಂತ ಕಡಿಮೆ ತಾಪಮಾನದಲ್ಲಿ ರಭಸವಾಗಿ ಚಾರ್ಜ್ ಮಾಡಿದರೆ ಒಳಗೆ ಲೋಹದ ಪದರ ಕಟ್ಟಿಕೊಳ್ಳುವುದರಿಂದ ನಿಯಂತ್ರಕವೇ ಚಾರ್ಜಿಂಗನ್ನು ತಡೆಯುತ್ತದೆ. ಹಿಮ ಬಿದ್ದ ಬೆಳಿಗ್ಗೆ ಸ್ಟಾರ್ಟ್-ಸ್ಟಾಪ್ ಕೆಲಸ ಮಾಡದಿರುವುದು ಆದ್ದರಿಂದ ದೋಷವಲ್ಲ. ಬೇಸಿಗೆಯಲ್ಲಿ ಇದೇ ದೂರು ಬಂದರೆ ಪ್ಯಾಕಿಗೆ ತಂಪು ಗಾಳಿ ಸಿಗುತ್ತಿದೆಯೇ ಎಂದು ನೋಡಿ. ಸಣ್ಣ ಫ್ಯಾನುಗಳು ಕ್ಯಾಬಿನ್ನಿನ ಗಾಳಿಯನ್ನೇ ಎಳೆದು ಅದನ್ನು ತಣಿಸುತ್ತವೆ. ಹಿಂದಿನ ಸೀಟಿನ ಬೆನ್ನಿಗೆ ತುರುಕಿದ ಕಂಬಳಿ, ಉಪಕರಣಗಳ ಚೀಲ, ನಾಯಿಯ ಕೂದಲು ಆ ದಾರಿಯನ್ನು ಮುಚ್ಚುತ್ತವೆ. 60 ವೋಲ್ಟಿಗಿಂತ ಕಡಿಮೆಯಾದ್ದರಿಂದ ಈ ಪ್ಯಾಕಿನಲ್ಲಿ ಪೂರ್ಣ ಹೈಬ್ರಿಡ್ ವಾಹನಗಳಷ್ಟು ಶಾಕಿನ ಅಪಾಯವಿಲ್ಲ. ಆದರೆ 48 ವೋಲ್ಟಿನಲ್ಲಿ ಸ್ಪ್ಯಾನರ್ ತಾಗಿ ಶಾರ್ಟ್ ಆದರೆ ಹೊಮ್ಮುವ ಕಿಡಿ ಕೈಯನ್ನು ಸುಡಬಲ್ಲದು. ಸರ್ವಿಸ್ ಕೈಪಿಡಿಯ ಕ್ರಮದಲ್ಲಿ ಸಂಪರ್ಕ ಕಡಿಯದೆ ಅದನ್ನು ಮುಟ್ಟಬಾರದು. ಜಂಪ್ ಸ್ಟಾರ್ಟ್ ಕೂಡ ಬಾನೆಟ್ಟಿನ ಕೆಳಗಿನ 12 ವೋಲ್ಟಿನ ಬ್ಯಾಟರಿಗೆ ಮಾತ್ರ.

ನಿಲ್ಲಿಸಿದ ಟ್ರಕ್ಕಿನ ಬ್ಯಾಟರಿ ರಾತ್ರಿ ಬೆಳಗಾಗುವುದರೊಳಗೆ ಇಳಿಯುವ ದೂರಿನ ದಾರಿಯೇ ಬೇರೆ. ಬಾಗಿಲು ಹಾಕಿ, ಕೀಲಿಯನ್ನು ದೂರವಿಟ್ಟು, ಎಲ್ಲ ಕಂಪ್ಯೂಟರುಗಳು ನಿದ್ರೆಗೆ ಜಾರುವವರೆಗೆ ಅರ್ಧ ಗಂಟೆಯಾದರೂ ಕಾದ ಮೇಲೆ ಕರೆಂಟು ಅಳೆಯಬೇಕು. 50 ಮಿಲಿಆಂಪಿಯರಿಗಿಂತ ಹೆಚ್ಚಿದ್ದರೆ ಫ್ಯೂಸುಗಳನ್ನು ಕೀಳದೆ, ಪ್ರತಿ ಫ್ಯೂಸಿನ ಎರಡು ತುದಿಗಳ ನಡುವಿನ ಮಿಲಿವೋಲ್ಟನ್ನು ನೋಡುತ್ತ ಹೋಗಿ. ಕಿತ್ತರೆ ಮಲಗಿದ್ದ ಕಂಪ್ಯೂಟರ್ ಎಚ್ಚೆತ್ತು ಲೆಕ್ಕವೆಲ್ಲ ಕೆಡುತ್ತದೆ. ದುರಸ್ತಿಯಾದ ಬಳಿಕ ಸಂಕೇತಗಳನ್ನು ಅಳಿಸಿ ಟ್ರಕ್ಕನ್ನು ಒಂದು ರಾತ್ರಿ ಸುಮ್ಮನೆ ನಿಲ್ಲಿಸಿ. ಬ್ಯಾಟರಿಯ ಸೆನ್ಸರ್ ತನ್ನ ಲೆಕ್ಕವನ್ನು ಹೊಸದಾಗಿ ಹಿಡಿಯಲು ಆ ವಿಶ್ರಾಂತಿ ಬೇಕು, ಅಲ್ಲಿಯವರೆಗೆ ಸ್ಟಾರ್ಟ್-ಸ್ಟಾಪ್ ಬಾರದಿದ್ದರೆ ಮತ್ತೆ ಗ್ಯಾರೇಜಿಗೆ ಓಡಬೇಕಾಗಿಲ್ಲ.