ಸೊಂಟದಲ್ಲಿ ಪಿಸ್ತೂಲು: ಜಾಗ ಆರಿಸುವ ಮುನ್ನ

ಬಟ್ಟೆಯ ಮರೆಯಲ್ಲಿ ಪಿಸ್ತೂಲು ಒಯ್ಯಲು ನಿರ್ಧರಿಸಿದವರು ಮೊದಲು ಕೇಳುವುದು, ಎಲ್ಲಿಟ್ಟರೆ ಬೇಗ ಕೈಗೆ ಸಿಗುತ್ತದೆ ಎಂದು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಬೆಳಿಗ್ಗೆ ಒಳಗಿಡುವಾಗ, ರಾತ್ರಿ ತೆಗೆದಿಡುವಾಗ ಯಾವ ಜಾಗ ಸುರಕ್ಷಿತ? ನಡುವಿನ ಹತ್ತು ಹನ್ನೆರಡು ಗಂಟೆ ಅದನ್ನು ಮುಟ್ಟದೇ ಇರಲು ಎಲ್ಲಿ ಸಾಧ್ಯ? ಸರಿಯಾದ ಹೋಲ್‌ಸ್ಟರ್‌ನಲ್ಲಿ (ಪಿಸ್ತೂಲಿನ ಒರೆಯಲ್ಲಿ) ಸುಮ್ಮನೆ ಕೂತ ಪಿಸ್ತೂಲಿನಿಂದ ಅಪಾಯ ತೀರಾ ಕಡಿಮೆ. ಬೇಡದ ಗುಂಡು ಹಾರುವುದು ಸಾಮಾನ್ಯವಾಗಿ ಯಾರದೋ ಕೈ ಅದರ ಮೇಲಿದ್ದಾಗ: ಒಳಗೆ ತುರುಕುವಾಗ, ಸರಿಪಡಿಸಿಕೊಳ್ಳುವಾಗ, ಖಾಲಿ ಮಾಡುವಾಗ. ಆದ್ದರಿಂದ ಆರಾಮವೂ ಸುರಕ್ಷತೆಯದೇ ಭಾಗ. ಚುಚ್ಚುವ ಆಯುಧವನ್ನು ಜನ ದಿನವಿಡೀ ತಡವುತ್ತಾರೆ, ಕೊನೆಗೆ ಬಿಚ್ಚಿ ಕಾರಿನ ಸೀಟಿನ ಮೇಲೋ ಚೀಲದಲ್ಲೋ ಇಡುತ್ತಾರೆ.

ಅಮೆರಿಕದಲ್ಲಿರುವ ಕನ್ನಡಿಗರು ಇದಕ್ಕೂ ಮೊದಲು ತಮ್ಮ ವೀಸಾ ನೋಡಿಕೊಳ್ಳಬೇಕು. ಗ್ರೀನ್ ಕಾರ್ಡ್ ಇದ್ದವರು ಬಂದೂಕು ಕೊಳ್ಳಬಹುದು, ಇಟ್ಟುಕೊಳ್ಳಬಹುದು. ಎಚ್-1ಬಿ, ಎಫ್-1ರಂಥ ತಾತ್ಕಾಲಿಕ ವೀಸಾದವರಿಗೆ ಬೇಟೆಯ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿಗಳನ್ನು ಬಿಟ್ಟರೆ ಫೆಡರಲ್ ಕಾನೂನಿನಲ್ಲಿ ನಿಷೇಧವಿದೆ. 2022ರ ಬ್ರೂಯೆನ್ ತೀರ್ಪಿನ (ಮನೆಯಾಚೆಗೂ ಬಂದೂಕು ಒಯ್ಯುವುದು ಹಕ್ಕು ಎಂದ ಸುಪ್ರೀಂ ಕೋರ್ಟ್ ತೀರ್ಪು) ನಂತರವೂ ಒಯ್ಯುವ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯೇ. ಒಂದು ರಾಜ್ಯದ ಪರವಾನಗಿ ಪಕ್ಕದ ರಾಜ್ಯದಲ್ಲಿ ಅಪರಾಧಕ್ಕೆ ದಾರಿಯಾಗಬಹುದು.

ಜಾಗ ಹೇಳಲು ತರಬೇತುದಾರರು ಗಡಿಯಾರದ ಲೆಕ್ಕ ಬಳಸುತ್ತಾರೆ. ಹೊಕ್ಕುಳು 12, ಬಲ ಸೊಂಟದ ಮೂಳೆ 3, ಬೆನ್ನುಮೂಳೆ 6. ಎಡಗೈಯವರು ಇದನ್ನು ತಿರುಗಿಸಿ ಓದಿಕೊಳ್ಳಬೇಕು.

ಬಲಗೈಯವರಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎರಡು ಜಾಗ. ಒಂದು 3ರಿಂದ 4ರ ನಡುವೆ, ಪ್ಯಾಂಟಿನ ಒಳಬದಿಗೆ. ಇಲ್ಲಿ ನಳಿಗೆ ಕಾಲಿನ ಹೊರಬದಿಗುಂಟ ನೆಲ ನೋಡುತ್ತದೆ, ಕೂತಾಗ ಹೊಟ್ಟೆಗೆ ಒತ್ತುವುದಿಲ್ಲ. ಹಿಡಿಯನ್ನು 10ರಿಂದ 15 ಡಿಗ್ರಿ ಮುಂದಕ್ಕೆ ಬಾಗಿಸಿದರೆ ಅಂಗಿಯ ಹಿಂದೆ ಗಂಟಿನಂತೆ ಉಬ್ಬುವುದು ಕಡಿಮೆಯಾಗುತ್ತದೆ. ಇದರ ತೊಂದರೆ ಇರುವುದು ಬಗ್ಗುವಾಗ: ಸೊಂಟದಿಂದ ಬಗ್ಗಿದರೆ ಹಿಡಿ ಬಟ್ಟೆಯಡಿ ಎದ್ದು ಕಾಣುತ್ತದೆ. ಮಂಡಿ ಮಡಚಿ ಕೂತೇ ಕೆಳಗಿನದನ್ನು ಎತ್ತುವ ಅಭ್ಯಾಸ ಬೇಕು. ಇನ್ನೊಂದು ಸಮಸ್ಯೆ, ಒಳಗಿಡುವಾಗ ಹೋಲ್‌ಸ್ಟರ್‌ನ ಬಾಯಿ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. 4 ದಾಟಿದರೆ ಈ ಎರಡೂ ಹೆಚ್ಚುತ್ತವೆ, ಕಾರಿನ ಸೀಟು ಕೈಯನ್ನೂ ತಡೆಯುತ್ತದೆ.

ಇನ್ನೊಂದು ಜಾಗ ಅಪೆಂಡಿಕ್ಸ್, ಅಂದರೆ ಹೊಕ್ಕುಳಿನ ಬಲಕ್ಕೆ 1ರ ಸುಮಾರು. ಇಲ್ಲಿ ಬಾಯಿ ಕಣ್ಣೆದುರೇ ಇರುತ್ತದೆ, ಜನಸಂದಣಿಯಲ್ಲಿ ಬೇರೆಯವರ ಕೈ ತಾಗದಂತೆ ಕಾಯುವುದು ಸುಲಭ, ಬಗ್ಗಿದರೂ ಉಬ್ಬು ಕಾಣದು. ಆದರೆ ಕೂತಾಗ ನಳಿಗೆಯ ದಿಕ್ಕಿನಲ್ಲಿ ತೊಡೆ, ಜನನಾಂಗ, ತೊಡೆಯ ದೊಡ್ಡ ಫೆಮರಲ್ ರಕ್ತನಾಳ ಇರುತ್ತವೆ. ಆ ನಾಳ ಹರಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ತೊಡೆಸಂದಿನಷ್ಟು ಮೇಲಿನ ಗಾಯಕ್ಕೆ ಟೂರ್ನಿಕೆ (ರಕ್ತ ನಿಲ್ಲಿಸುವ ಬಿಗಿಪಟ್ಟಿ) ಕಟ್ಟಲೂ ಜಾಗವಿರುವುದಿಲ್ಲ. ಹಾಗಾಗಿ ಅಪೆಂಡಿಕ್ಸ್ ಆರಿಸುವವರಿಗೆ ನಮ್ಮ ಸಲಹೆ ಖಚಿತ: ಪಿಸ್ತೂಲನ್ನು ಮೈಮೇಲಿನ ಹೋಲ್‌ಸ್ಟರ್‌ಗೆ ಇಳಿಸಬೇಡಿ. ಹೋಲ್‌ಸ್ಟರ್ ಕೈಯಲ್ಲಿರುವಾಗಲೇ, ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಆಯುಧವನ್ನು ಅದರೊಳಗೆ ಕೂರಿಸಿ, ಆಮೇಲೆ ಇಡಿಯಾಗಿ ಸೊಂಟಕ್ಕೆ ಸಿಕ್ಕಿಸಿ. ತೆಗೆಯುವಾಗಲೂ ಹಾಗೇ, ಎರಡನ್ನೂ ಒಟ್ಟಿಗೆ. ಕ್ಲಿಪ್ ಇರುವ ಹೋಲ್‌ಸ್ಟರ್‌ನಲ್ಲಿ ಇದು ಸಲೀಸು.

ಶೂಟಿಂಗ್ ರೇಂಜಿನಲ್ಲಿ ಮೈಮೇಲಿರುವಾಗಲೇ ಒಳಗಿಡಬೇಕಾಗಿ ಬಂದರೆ ನಿಧಾನವೇ ಮೂಲ ನಿಯಮ. ಬೆರಳು ಟ್ರಿಗರ್‌ನಿಂದ ದೂರ, ಚೌಕಟ್ಟಿನ ಮೇಲೆ ನೇರವಾಗಿ. ಎಡಗೈಯಿಂದ ಅಂಗಿಯನ್ನು ಎದೆಯವರೆಗೆ ಎತ್ತಿ ಹಿಡಿಯಿರಿ. ಸೊಂಟ ಮುಂದೂಡಿ, ಮೈಯ ಮೇಲ್ಭಾಗವನ್ನು ಹಿಂದಕ್ಕೆ ವಾಲಿಸಿದರೆ ನಳಿಗೆ ದೇಹದಿಂದಾಚೆ ತಿರುಗುತ್ತದೆ. ಬಾಯಿಯನ್ನು ಕಣ್ಣಿಂದ ನೋಡಿಯೇ ಇಳಿಸಿ. ಹಿಂಬದಿಯಲ್ಲಿ ಹ್ಯಾಮರ್ (ಗುಂಡು ಹಾರಿಸಲು ಬಡಿಯುವ ಸುತ್ತಿಗೆ) ಇರುವ ಪಿಸ್ತೂಲಾದರೆ ಹೆಬ್ಬೆರಳು ಅದರ ಮೇಲಿರಲಿ, ಟ್ರಿಗರ್‌ಗೆ ಏನಾದರೂ ಸಿಕ್ಕಿ ಹ್ಯಾಮರ್ ಏಳತೊಡಗಿದರೆ ತಕ್ಷಣ ಗೊತ್ತಾಗುತ್ತದೆ. ಸ್ವಲ್ಪವಾದರೂ ತಡೆ ಅನಿಸಿದರೆ ಒತ್ತಬೇಡಿ, ಹೊರತೆಗೆದು ನೋಡಿ. ಜಾಕೆಟ್ಟಿನ ಲಾಡಿ, ಅದರ ತುದಿಯ ಪ್ಲಾಸ್ಟಿಕ್ ಗುಂಡಿ, ಅಂಗಿಯ ಮಡಿಕೆ, ಇವು ಟ್ರಿಗರ್ ಗಾರ್ಡಿನೊಳಗೆ (ಟ್ರಿಗರ್ ಸುತ್ತಲಿನ ಬಳೆಯೊಳಗೆ) ಹೊಕ್ಕು ಬೆರಳಿನ ಕೆಲಸ ಮಾಡಬಲ್ಲವು.

ಹೋಲ್‌ಸ್ಟರ್ ಆ ಮಾದರಿಯ ಪಿಸ್ತೂಲಿಗೆಂದೇ ಮಾಡಿದ್ದಾಗಿರಬೇಕು. ಎಲ್ಲಕ್ಕೂ ಹೊಂದುತ್ತದೆ ಎಂದು ಮಾರುವ ನೈಲಾನ್ ಚೀಲಗಳು ಈ ಕೆಲಸಕ್ಕೆ ಬಾರವು. ಟ್ರಿಗರ್ ಗಾರ್ಡ್ ಎರಡೂ ಬದಿಯಿಂದ ಪೂರ್ತಿ ಮುಚ್ಚಿರಬೇಕು, ಹೊರಗಿನಿಂದ ಒತ್ತಿದರೆ ಒಳಗೆ ಬಾಗಬಾರದು. ಪಿಸ್ತೂಲು ಹೊರಬಂದ ಮೇಲೂ ಬಾಯಿ ತೆರೆದೇ ನಿಲ್ಲಬೇಕು. ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಇವನ್ನೆಲ್ಲ ಚೆನ್ನಾಗಿ ಪೂರೈಸುತ್ತದೆ. ಚರ್ಮದ್ದು ಮೈಗೆ ಹಿತ, ಆದರೆ ಬೆವರು ಕುಡಿದು ಮೆತ್ತಗಾದ ಚರ್ಮದ ಅಂಚು ಒಳಕ್ಕೆ ಮಡಚಿ ಟ್ರಿಗರ್ ಒತ್ತಬಲ್ಲದು. ಆ ಸ್ಥಿತಿಗೆ ಬಂದದ್ದನ್ನು ಎಸೆಯಿರಿ. ಹಿಡಿತ ಪರೀಕ್ಷಿಸಲು ಖಾಲಿ ಪಿಸ್ತೂಲನ್ನು ಒಳಗಿಟ್ಟು ಹಾಸಿಗೆಯ ಮೇಲೆ ತಲೆಕೆಳಗಾಗಿ ಅಲ್ಲಾಡಿಸಿ ನೋಡಿ, ಬೀಳಬಾರದು.

ಬೆಲ್ಟಿನ ಬಗ್ಗೆ ಜನ ಯೋಚಿಸುವುದೇ ಕಡಿಮೆ. ಗ್ಲಾಕ್ 19ರಂಥ ಪಿಸ್ತೂಲು ಗುಂಡು ತುಂಬಿದಾಗ ಸುಮಾರು 855 ಗ್ರಾಂ ತೂಗುತ್ತದೆ. ಸಾಧಾರಣ ಬೆಲ್ಟು ಆ ಭಾರಕ್ಕೆ ಹೊರಕ್ಕೆ ವಾಲುತ್ತದೆ, ಆಗ ಹಿಡಿ ಮೈಯಿಂದ ದೂರ ಸರಿದು ಅಂಗಿಯ ಮೇಲೆ ಅಚ್ಚೊತ್ತುತ್ತದೆ. ಒಂದೂವರೆ ಇಂಚು ಅಗಲದ, ಉದ್ದುದ್ದಕ್ಕೆ ತಿರುಚದ ಗಟ್ಟಿ ಬೆಲ್ಟು ಬೇಕು. ಒಳಬದಿಗೆ ಇಡುವವರು ಪ್ಯಾಂಟಿನ ಸೊಂಟವನ್ನು ಒಂದೆರಡು ಇಂಚು ಸಡಿಲವಾಗಿ ಕೊಳ್ಳಬೇಕು. ಕಾಣಿಸಿಕೊಳ್ಳುವುದು ಬಹುತೇಕ ಹಿಡಿಯೇ, ನಳಿಗೆಯಲ್ಲ. ಅಪೆಂಡಿಕ್ಸ್‌ನಲ್ಲಂತೂ ತೀರಾ ಗಿಡ್ಡ ಪಿಸ್ತೂಲಿಗಿಂತ ಸ್ವಲ್ಪ ಉದ್ದದ್ದು ಚೆನ್ನಾಗಿ ಕೂರುತ್ತದೆ, ಬೆಲ್ಟಿಗಿಂತ ಕೆಳಗಿರುವ ಪಿಸ್ತೂಲಿನ ಭಾಗ ಮೇಲಿನ ಭಾರವನ್ನು ಸಮತೂಗಿಸುತ್ತದೆ. ಹೋಲ್‌ಸ್ಟರ್‌ನ ತುದಿಗೆ ಫೋಮ್ ತುಂಡು ಅಂಟಿಸಿದರೆ ಹಿಡಿ ಹೊಟ್ಟೆಯ ಕಡೆ ಒರಗುತ್ತದೆ, ತುದಿ ಚುಚ್ಚುವುದೂ ನಿಲ್ಲುತ್ತದೆ. ಹೊಟ್ಟೆ ಇರುವವರು ಕಾಲು ಇಂಚಿನಷ್ಟು ಎತ್ತರ ಬದಲಿಸಿ ನೋಡಬೇಕು. ಅಷ್ಟರಲ್ಲೇ ಎಷ್ಟೋ ಸಲ ನೋವು ಹೋಗುತ್ತದೆ.

ಉಳಿದ ಜಾಗಗಳಲ್ಲಿ ಬೆನ್ನಿನ 6 ಬೇಡವೇ ಬೇಡ. ಹಿಂದಕ್ಕೆ ಬಿದ್ದರೆ ಉಕ್ಕಿನ ತುಂಡು ಬೆನ್ನುಮೂಳೆಗೆ ಬಡಿಯುತ್ತದೆ. ಜೇಬಿನಲ್ಲಿ ಇಡುವುದಾದರೆ ಜೇಬಿನ ಹೋಲ್‌ಸ್ಟರ್ ಕಡ್ಡಾಯ, ಆ ಜೇಬಿನಲ್ಲಿ ಕೀಲಿ, ಚಿಲ್ಲರೆ, ಪೆನ್ನು ಏನೂ ಇರಕೂಡದು. ಕಣಕಾಲಿಗೆ ಕಟ್ಟುವ ಪಟ್ಟಿ ಶೂ ಬಿಚ್ಚುವ ನಮ್ಮ ಮನೆಗಳಿಗೆ ಹೊಂದದು.

ಕೈಚೀಲದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಸೀರೆ, ಚೂಡಿದಾರದಲ್ಲಿ ಬೆಲ್ಟಿಗೆ ಜಾಗವಿಲ್ಲ ಎಂದು ಮಹಿಳೆಯರಿಗೆ ಚೀಲವನ್ನು ಸಲಹೆ ಮಾಡುವವರಿದ್ದಾರೆ. ಚೀಲ ಮೈಯಿಂದ ಬೇರೆಯಾಗುತ್ತದೆ: ಅಂಗಡಿಯ ತಳ್ಳುಗಾಡಿಯಲ್ಲಿ, ಕುರ್ಚಿಯ ಬೆನ್ನಿಗೆ, ನೆಂಟರ ಮನೆಯ ಸೋಫಾದ ಮೇಲೆ. 2014ರ ಡಿಸೆಂಬರಿನಲ್ಲಿ ಐಡಹೋದ ಹೇಡನ್‌ನಲ್ಲಿ ಎರಡು ವರ್ಷದ ಮಗು ಅಂಗಡಿಯೊಳಗೆ ತಾಯಿಯ ಚೀಲದಿಂದ ಪಿಸ್ತೂಲು ತೆಗೆದು, ಗುಂಡು ತಾಗಿ ತಾಯಿ ಸತ್ತರು. ಅದು ಪಿಸ್ತೂಲಿಗೆಂದೇ ಹೊಲಿದ ಖಾನೆಯಿದ್ದ ಚೀಲ. ಮನೆಯಲ್ಲಿ ಮಕ್ಕಳಿರುವವರಿಗೆ ಚೀಲ ಸಲ್ಲ. ಟ್ರಿಗರ್ ಮುಚ್ಚುವ ಗಟ್ಟಿ ಚಿಪ್ಪಿರುವ ಸೊಂಟಪಟ್ಟಿಗಳು ಸಿಗುತ್ತವೆ, ಅವನ್ನು ಕುರ್ತಾದಡಿ ಕಟ್ಟಬಹುದು. ಸೀರೆ ಉಡುವ ದಿನ ಆಯುಧ ಮನೆಯ ಸೇಫಿನಲ್ಲಿ ಉಳಿಯುವುದೇ ಸರಿ.

ದೇವಸ್ಥಾನ, ಪೂಜೆ, ಹಬ್ಬದ ಊಟಕ್ಕೂ ಅದೇ ಮಾತು. ಚಕ್ಕಳಮಕ್ಕಳ ಹಾಕಿ ಕೂತರೆ ಅಪೆಂಡಿಕ್ಸ್‌ನ ನಳಿಗೆ ಸ್ವಂತ ತೊಡೆಗೋ ಪಕ್ಕದವರಿಗೋ ತಿರುಗುತ್ತದೆ. ನಮಸ್ಕಾರಕ್ಕೆ ಬಗ್ಗಿದರೆ 4ರ ಜಾಗ ಬಯಲಾಗುತ್ತದೆ. ಮಕ್ಕಳು ತೊಡೆಯೇರುತ್ತಾರೆ. ಟೆಕ್ಸಾಸ್‌ನಲ್ಲಿ ಬಾಗಿಲಿಗೆ 30.06 ಎಂಬ ಫಲಕವಿದ್ದರೆ ಪರವಾನಗಿ ಇದ್ದವರೂ ಮರೆಯಲ್ಲಿ ಒಯ್ಯುವಂತಿಲ್ಲ.

ಶೌಚಾಲಯದಲ್ಲಿ ಮರೆತು ಬಿಟ್ಟುಬರುವುದು ಪೊಲೀಸರಿಗೂ ಆಗಿರುವ ತಪ್ಪು. ಕೊಕ್ಕೆಗೆ ನೇತುಹಾಕಬೇಡಿ, ಫ್ಲಶ್ ಟ್ಯಾಂಕಿನ ಮೇಲೆ ಇಡಬೇಡಿ. ಹೋಲ್‌ಸ್ಟರ್‌ನಲ್ಲೇ ಬಿಟ್ಟು, ಬೆಲ್ಟು ಮಂಡಿಯ ಬಳಿ ಬಿಗಿಯಾಗಿ ನಿಲ್ಲುವಂತೆ ಕೂತುಕೊಳ್ಳಿ.

ಜಾಗ ನಿರ್ಧರಿಸುವ ಮೊದಲು ಒಂದು ವಾರ ಮನೆಯಲ್ಲಿ ಖಾಲಿ ಪಿಸ್ತೂಲಿನೊಂದಿಗೆ ಅಥವಾ ನೀಲಿ ಪ್ಲಾಸ್ಟಿಕ್‌ನ ಡಮ್ಮಿಯೊಂದಿಗೆ ಕಳೆಯಿರಿ. ಮೊದಲು ಮ್ಯಾಗಜೀನ್ (ತೋಟಾಗಳ ಪೆಟ್ಟಿಗೆ) ತೆಗೆಯಿರಿ, ನಂತರ ಸ್ಲೈಡ್ (ಮೇಲಿನ ಜಾರುವ ಭಾಗ) ಎಳೆದು ಚೇಂಬರನ್ನು (ತೋಟಾ ಕೂರುವ ಗೂಡನ್ನು) ಕಣ್ಣಿಂದಲೂ ಬೆರಳಿಂದಲೂ ನೋಡಿ. ಈ ಕ್ರಮ ತಪ್ಪಿಸಿ ಮೊದಲು ಸ್ಲೈಡ್ ಎಳೆದರೆ ಮ್ಯಾಗಜೀನಿನ ಮುಂದಿನ ತೋಟಾ ಒಳಸೇರುತ್ತದೆ. ತೋಟಾಗಳು ಬೇರೆ ಕೋಣೆಯಲ್ಲಿರಲಿ. ಮೆಟ್ಟಿಲು ಹತ್ತಿ, ಕಾರಿನಲ್ಲಿ ಅರ್ಧ ಗಂಟೆ ಕೂತು, ಕೈ ಮೇಲೆತ್ತಿ, ಕುಕ್ಕರುಗಾಲಲ್ಲಿ ಕೂತು ಎದ್ದು ನೋಡಿ. ಅಂಗಿ ಎಲ್ಲಿ ಮೇಲೇರಿತು, ನೀವು ಎಷ್ಟು ಸಲ ಕೈ ಹಾಕಿ ಸರಿಪಡಿಸಿದಿರಿ, ಗಮನಿಸಿ. ದಿನಕ್ಕೆ ಹಲವು ಸಲ ಕೈ ಹೋಗುತ್ತಿದ್ದರೆ ಆ ಜಾಗ, ಆ ಹೋಲ್‌ಸ್ಟರ್, ಎರಡರಲ್ಲೊಂದು ನಿಮಗಲ್ಲ.

ರಾತ್ರಿ ಚೇಂಬರ್ ಖಾಲಿ ಮಾಡಿ ಬೆಳಿಗ್ಗೆ ಅದೇ ತೋಟಾ ಮತ್ತೆ ತುಂಬುವ ರೂಢಿಯಲ್ಲಿ ಇನ್ನೊಂದು ಅಪಾಯವಿದೆ. ಪ್ರತಿ ಸಲದ ಹೊಡೆತಕ್ಕೆ ತೋಟಾದ ತುದಿಯ ಬುಲೆಟ್ಟು ಮದ್ದು ತುಂಬಿದ ಕೇಸಿನೊಳಕ್ಕೆ ಚೂರು ಚೂರೇ ಸರಿಯಬಹುದು, ಸಿಡಿದಾಗ ಒತ್ತಡ ಮಿತಿಮೀರಬಹುದು. ಹೊಸ ತೋಟಾದ ಪಕ್ಕ ನಿಲ್ಲಿಸಿ ನೋಡಿ, ಗಿಡ್ಡವಾಗಿದ್ದರೆ ಬಳಸಬೇಡಿ. ಹೋಲ್‌ಸ್ಟರ್ ಸಮೇತ ಸೇಫಿಗೆ ಇಟ್ಟು ಬೀಗ ಹಾಕಿದರೆ ಈ ಕೆಲಸವೇ ಇಲ್ಲ. ಆಯುಧಕ್ಕೆ ಬಳಸಿದ ಚೀಲ, ಜಾಕೆಟ್ಟುಗಳನ್ನು ಊರಿಗೆ ಹೊರಡುವಾಗ ಒಯ್ಯಬೇಡಿ. ಮೂಲೆಯಲ್ಲಿ ಒಂದೇ ತೋಟಾ ಉಳಿದಿದ್ದರೂ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ 1959ರ ಆಯುಧ ಕಾಯ್ದೆಯಡಿ ಪ್ರಕರಣ ಎದುರಿಸಬೇಕಾದೀತು.