ಮುಧೋಳ ನಾಯಿಗೆ ಈ ಸಿಟ್ಟು ಎಲ್ಲಿಂದ ಬಂತು?

ಧಾರವಾಡದಲ್ಲಿ ನಾಯಿಗಳಿಗೆ ಚಿಕಿತ್ಸೆ ಕೊಡುವ ನನ್ನ ಹತ್ತಿರ ಮುಧೋಳ ನಾಯಿಗಳನ್ನು ಕರೆತರುವವರು ಈಗ ಮೊದಲಿಗಿಂತ ಹೆಚ್ಚು. ಲಸಿಕೆಗೋ ಜಂತಿನ ಗುಳಿಗೆಗೋ ಬಂದವರೂ ಕೊನೆಗೆ ಅದರ ಗುಣದ ಮಾತಿಗೇ ಬರುತ್ತಾರೆ. ಒಬ್ಬರು "ಡಾಕ್ಟ್ರ, ಮನಿಗೆ ಬಂದವ್ರ ಮೈಮ್ಯಾಲೇ ಹೋಗ್ತೈತ್ರಿ" ಅನ್ನುತ್ತಾರೆ. ಇನ್ನೊಬ್ಬರು "ಮಿಲಿಟರಿ ನಾಯಿ ಅಂತ ತಂದೀವ್ರಿ, ಕುಕ್ಕರ್ ಸೀಟಿ ಹೊಡದ್ರ ಸಾಕು, ಮಂಚದ ಬುಡಕ ಹೋಗಿ ಕೂಡ್ತೈತ್ರಿ" ಅನ್ನುತ್ತಾರೆ. ಪರೀಕ್ಷಿಸಿ ನೋಡಿದರೆ ಹೆಚ್ಚಿನ ಸಲ ಎರಡೂ ನಾಯಿಗಳಿಗೆ ಆಗಿರುವುದು ಒಂದೇ, ಹೆದರಿಕೆ. ತಪ್ಪಿಸಿಕೊಳ್ಳಲು ಜಾಗ ಸಿಕ್ಕ ನಾಯಿ ಮಂಚದ ಬುಡ ಸೇರುತ್ತದೆ, ಸರಪಳಿಯಲ್ಲಿ ಸಿಕ್ಕಿಕೊಂಡದ್ದು ಹಲ್ಲು ತೋರಿಸುತ್ತದೆ.

"ಆ ಜಾತೀನ ಹಂಗ್ರಿ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಈ ನಾಯಿಯ ಗುಣವನ್ನು ಕಟ್ಟಿದ್ದು ಅದರ ಕೆಲಸ ಮತ್ತು ಅದು ಬೆಳೆದ ಅಂಗಳ. ಎರಡೂ ಬದಲಾಗಿವೆ, ಅದಕ್ಕೇ ಗುಣವೂ ಬದಲಾಗುತ್ತಿದೆ.

ಮುಧೋಳದ ದೊರೆ ಮಾಲೋಜಿರಾವ್ ಘೋರ್ಪಡೆಯವರು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಈ ತಳಿಯನ್ನು ಸಾಕಿ ಬೆಳೆಸಿದ್ದು, ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆಯಾಗಿ ಕೊಟ್ಟದ್ದು ನಮ್ಮ ಭಾಗದಲ್ಲಿ ಎಲ್ಲರ ಬಾಯಲ್ಲೂ ಇದೆ. ಅದಕ್ಕೂ ಮೊದಲು ಇದನ್ನು ಉಳಿಸಿಕೊಂಡು ಬಂದವರ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ದೊರೆಯ ಕಣ್ಣಿಗೆ ಈ ನಾಯಿ ಬಿದ್ದದ್ದೇ ಬೇಡರ ಬೇಟೆಯಲ್ಲಿ. 1857ರಲ್ಲಿ ಆಯುಧ ಒಪ್ಪಿಸೆಂದ ಬ್ರಿಟಿಷರ ವಿರುದ್ಧ ತಿರುಗಿಬಿದ್ದ ಹಲಗಲಿಯ ಬೇಡರು ಇದೇ ಮುಧೋಳ ಸೀಮೆಯವರು. ಅಂಥ ಮನೆಗಳಲ್ಲಿ ನಾಯಿ ತನ್ನ ಅನ್ನವನ್ನು ತಾನೇ ದುಡಿಯಬೇಕಿತ್ತು. ಮೊಲದ ಹಿಂದೆ ಓಡದ ನಾಯಿಗೆ ಹಾಕಲು ಮಿಗುತೆ ರೊಟ್ಟಿ ಇರಲಿಲ್ಲ. ಒಂದೇ ಅಂಗಳದಲ್ಲಿ ಮಲಗುವ ಮಕ್ಕಳಿಗೆ, ಆಡಿಗೆ, ಕೋಳಿಗೆ ಬಾಯಿ ಹಾಕುವ ನಾಯಿಯನ್ನು ಇಟ್ಟುಕೊಳ್ಳುವುದೂ ಸಾಧ್ಯವಿರಲಿಲ್ಲ. ಹೊಲದಲ್ಲಿ ಚುರುಕು, ಮನೆಯಲ್ಲಿ ಶಾಂತ, ಅಪರಿಚಿತರಿಂದ ನಾಲ್ಕು ಹೆಜ್ಜೆ ದೂರ: ತಲೆಮಾರುಗಳ ಕಾಲ ಉಳಿದುಕೊಂಡದ್ದು ಈ ಗುಣ. ಮಹಾರಾಷ್ಟ್ರದ ಕಡೆ ಇದೇ ನಾಯಿಗೆ ಕಾರವಾನಿ ಅನ್ನುತ್ತಾರೆ, ಕಿವಿ-ಬಾಲಕ್ಕೆ ಉದ್ದ ಕೂದಲಿದ್ದರೆ ಪಶ್ಮಿ. ಮೈಕಟ್ಟಿನಲ್ಲಿ ಪಶ್ಚಿಮ ಏಷ್ಯಾದ ಸಲೂಕಿ ನಾಯಿಗೆ ಹತ್ತಿರ.

ಆ ನಾಲ್ಕು ಹೆಜ್ಜೆ ದೂರವನ್ನು ಜನ ಸೊಕ್ಕು ಅಂದುಕೊಳ್ಳುತ್ತಾರೆ. ಲ್ಯಾಬ್ರಡಾರ್ ಕಂಡವರನ್ನೆಲ್ಲ ನೆಕ್ಕುತ್ತದೆ, ಅದನ್ನು ನೋಡಿ ರೂಢಿಯಾದವರಿಗೆ ಮುಧೋಳದ ಈ ಗಾಂಭೀರ್ಯ ಒಗ್ಗುವುದಿಲ್ಲ. ಅದು ಗುರುತಿಲ್ಲದವರ ಕೈಯನ್ನು ತಲೆಯ ಮೇಲೆ ಸಹಿಸುವುದಿಲ್ಲ, ಅಷ್ಟೆ. ಅದಾಗಿ ಬರುವವರೆಗೆ ಕಾದರೆ ತೋಳಿಗೆ ಮೂತಿ ಒತ್ತಿ ನಿಲ್ಲುವ ನಾಯಿ ಅದೇ.

ಅದರ ಕಣ್ಣಿನ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಅರ್ಧ ತೊಂದರೆ ಅಲ್ಲಿಯೇ ಶುರು. ವಾಸನೆ ಹಿಡಿದು ಹೋಗುವ ನಾಯಿಗಳು ಬೇರೆ, ಕಣ್ಣಿಂದ ಕಂಡು ಬೆನ್ನಟ್ಟುವ ನಾಯಿಗಳು ಬೇರೆ. ಮುಧೋಳ ಎರಡನೆಯ ಗುಂಪಿನದು. ಉದ್ದ ಮೂತಿಯ ನಾಯಿಗಳ ಅಕ್ಷಿಪಟಲದಲ್ಲಿ ನೋಟದ ನರಕೋಶಗಳು ಒಂದು ಅಡ್ಡ ಪಟ್ಟಿಯಾಗಿ ದಟ್ಟವಾಗಿರುತ್ತವೆ. ಪಗ್‌ನಂಥ ಮೊಂಡು ಮೂತಿಯವುಗಳಲ್ಲಿ ಅವು ನಡುವೆ ಒಂದೆಡೆ ಕೂಡಿಕೊಂಡಿರುತ್ತವೆ. ನವಲಗುಂದ, ನರಗುಂದದ ಎರಿ ಹೊಲದಲ್ಲಿ ಒಮ್ಮೆ ನಿಂತು ನೋಡಿದರೆ ಆ ಪಟ್ಟಿಯ ಉಪಯೋಗ ತಿಳಿಯುತ್ತದೆ. ಮರ ಕಡಿಮೆ, ಮರೆ ಇಲ್ಲ, ಬಾನಿನ ಅಂಚಿನಗುಂಟ ಒಂದು ಚಿಗರಿ ಜಿಗಿದರೂ ಆ ಕಣ್ಣಿಗೆ ಬೀಳುತ್ತದೆ. ಅದೇ ಕಣ್ಣನ್ನು ತಂದು ಹುಬ್ಬಳ್ಳಿಯ ಓಣಿಯೊಂದರಲ್ಲಿ ಗೇಟಿನ ಪಕ್ಕ ನಾಲ್ಕಡಿ ಸರಪಳಿಗೆ ಕಟ್ಟುತ್ತೇವೆ. ಮುಂಜಾನೆಯಿಂದ ರಾತ್ರಿಯವರೆಗೆ ಬೈಕು, ಆಟೋ, ಬೆಕ್ಕು, ಓಡುವ ಹುಡುಗರು. ಪ್ರತಿಯೊಂದು ಚಲನೆಗೂ ಮೈ ಜಿಗಿಯಲು ಸಿದ್ಧವಾಗುತ್ತದೆ, ಪ್ರತಿ ಸಲವೂ ಸರಪಳಿ ಕುತ್ತಿಗೆಯನ್ನು ಹಿಂದಕ್ಕೆ ಎಳೆಯುತ್ತದೆ. ತಿಂಗಳುಗಟ್ಟಲೆ ಹೀಗಾದ ನಾಯಿ ಗೇಟು ತೆರೆದವರ ಮೇಲೆ ಹೋದರೆ ತಪ್ಪನ್ನು ತಳಿಯ ತಲೆಗೆ ಕಟ್ಟುವುದು ಅನ್ಯಾಯ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ, ಸದಾ ಕಟ್ಟಿಹಾಕಿದ ನಾಯಿಗೆ ಸಾಕಷ್ಟು ಓಡಾಟ ಕೊಡದಿರುವುದು ಅಪರಾಧ. ಇದನ್ನು ಹೇಳಿದಾಗ ಹೆಚ್ಚಿನ ಮಾಲೀಕರು ಆಶ್ಚರ್ಯಪಡುತ್ತಾರೆ.

ಕೆಲಸ ಹೋದದ್ದು 1972ರಲ್ಲಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಚಿಗರಿ ಬೇಟೆ ಅಪರಾಧವಾಯಿತು, 1974ರಲ್ಲಿ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳಿಗೆಂದೇ ಅಭಯಾರಣ್ಯವೂ ಆಯಿತು. ಆಗಬೇಕಾದ್ದೇ ಆಯಿತು, ಇಲ್ಲದಿದ್ದರೆ ಹಾವೇರಿ ಜಿಲ್ಲೆಯಲ್ಲಿ ಇವತ್ತು ಚಿಗರಿ ಉಳಿಯುತ್ತಿದ್ದವೋ ಇಲ್ಲವೋ. ಬೇಟೆ ನಿಂತ ಮೇಲೆ ಈ ನಾಯಿ ಹೊಲ ಕಾಯಿತು, ತೋಟ ಕಾಯಿತು. ಆಮೇಲೆ ಬಂದದ್ದು ಹೆಸರು. 2005ರಲ್ಲಿ ಅಂಚೆಚೀಟಿ, ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ, 2016ರಲ್ಲಿ ಮೀರತ್‌ನ ಸೇನಾ ತರಬೇತಿ ಕೇಂದ್ರಕ್ಕೆ ಹೋದ ಮರಿಗಳು, 2020ರ ಆಗಸ್ಟಿನಲ್ಲಿ ಪ್ರಧಾನಿಯವರ ರೇಡಿಯೊ ಮಾತಿನಲ್ಲಿ ಹೊಗಳಿಕೆ. ಕೇಳುವವರೇ ಇಲ್ಲದೆ ಕರಗುತ್ತಿದ್ದ ದೇಶಿ ತಳಿಯೊಂದಕ್ಕೆ ಬೆಲೆ ಬಂದದ್ದು ನನಗೆ ನಿಜವಾಗಿ ಸಂತೋಷದ ವಿಷಯ. ಆದರೆ ಬೆಲೆಯ ಜೊತೆಗೆ ಒಂದು ತಪ್ಪು ನಿರೀಕ್ಷೆಯೂ ಬಂತು. "ಮಿಲಿಟರಿ ನಾಯಿ" ಅಂದರೆ ಕಚ್ಚುವ ನಾಯಿ ಎಂದು ಜನ ತಿಳಿದರು. ಮರಿಯನ್ನು ಕತ್ತಲ ಕೋಣೆಯಲ್ಲಿ ಕೂಡಿಹಾಕಿದರೆ, ಖಾರ ಉಣಿಸಿದರೆ ಸಿಟ್ಟು ಏರುತ್ತದೆ ಎಂದು ನಂಬಿದವರನ್ನು ನಾನು ಕಂಡಿದ್ದೇನೆ. ಖಾರದಿಂದ ಏರುವುದು ಹೊಟ್ಟೆಯುರಿ, ಕತ್ತಲಿಂದ ಏರುವುದು ಭಯ.

ಗುಣ ಇಷ್ಟು ಬೇಗ ಬದಲಾಗುತ್ತದೆಯೇ ಎಂದು ಕೇಳುವವರಿಗೆ ನಾನು ನರಿಗಳ ಪ್ರಯೋಗ ನೆನಪಿಸುತ್ತೇನೆ. ಡ್ಮಿತ್ರಿ ಬೆಲ್ಯಾಯೆವ್ ಎಂಬ ತಳಿವಿಜ್ಞಾನಿ 1959ರಲ್ಲಿ ಸೈಬೀರಿಯದ ನೊವೊಸಿಬಿರ್ಸ್ಕ್‌ನಲ್ಲಿ, ಮನುಷ್ಯರಿಗೆ ಕಡಿಮೆ ಹೆದರುವ ನರಿಗಳನ್ನಷ್ಟೇ ಆರಿಸಿ ಮರಿ ಮಾಡಿಸುತ್ತ ಹೋದರು. ಕೆಲವೇ ತಲೆಮಾರುಗಳಲ್ಲಿ ಅವು ಬಾಲ ಅಲ್ಲಾಡಿಸುತ್ತ ಜನರ ಹತ್ತಿರ ಬಂದವು. ಮುಂದೆ ಅದೇ ಸಂಸ್ಥೆಯಲ್ಲಿ ಸಿಟ್ಟಿನ ನರಿಗಳನ್ನೇ ಆರಿಸಿ ಬೆಳೆಸಿದಾಗ ಆ ಸಾಲು ಇನ್ನೂ ಉಗ್ರವಾಯಿತು. ಮುಧೋಳದಲ್ಲಿ ಈಗ ಬಣ್ಣ, ಎತ್ತರ, ಸಣ್ಣ ನಡು ನೋಡಿ ಜೋಡಿ ಮಾಡುತ್ತಾರೆ, ಹೆಣ್ಣಿನ ಧೈರ್ಯವನ್ನು ನೋಡುವವರು ಕಡಿಮೆ. ಅಂಜುವ ಹೆಣ್ಣಿಗೆ ಅಂಜುವ ಮರಿಗಳು ಹುಟ್ಟುವ ಸಂಭವ ಹೆಚ್ಚು, ಜೊತೆಗೆ ಮರಿಗಳು ತಾಯಿಯ ಅಂಜಿಕೆಯನ್ನು ನೋಡಿಯೂ ಕಲಿಯುತ್ತವೆ.

ಹಾಗೆಂದು ತಳಿಯ ಹೆಸರಿನಿಂದಲೇ ಒಂದು ನಾಯಿಯ ಗುಣ ಹೇಳಲಾಗದು. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ, 18,000ಕ್ಕೂ ಹೆಚ್ಚು ನಾಯಿಗಳ ಅಧ್ಯಯನದಲ್ಲಿ, ನಾಯಿ-ನಾಯಿಗಳ ನಡುವಿನ ವರ್ತನೆಯ ವ್ಯತ್ಯಾಸಕ್ಕೆ ತಳಿ ಕಾರಣವಾದದ್ದು ಶೇಕಡಾ 9ರಷ್ಟು ಮಾತ್ರ. ನನ್ನ ಅನುಭವವೂ ಇದನ್ನೇ ಹೇಳುತ್ತದೆ. ಒಂದೇ ಸೂಲಿನ ಎರಡು ಮರಿಗಳಲ್ಲಿ ಹಳ್ಳಿಯ ಅಂಗಳದಲ್ಲಿ ಬೆಳೆದದ್ದು ಬಾಯಿ ತೆರೆದು ಹಲ್ಲು ನೋಡಲು ಬಿಡುತ್ತದೆ, ಶೆಡ್ಡಿನಲ್ಲಿ ಬೆಳೆದದ್ದು ಬಾಗಿಲಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತದೆ.

ಮರಿಯ ಜೀವನದಲ್ಲಿ ಸುಮಾರು ಮೂರನೆಯ ವಾರದಿಂದ ಹನ್ನೆರಡು-ಹದಿನಾಲ್ಕನೆಯ ವಾರದವರೆಗಿನ ಕಾಲ ಬಹಳ ಮುಖ್ಯ. ಆಗ ಕಂಡ ಮನುಷ್ಯ, ಕೇಳಿದ ಸದ್ದು, ಏರಿದ ಮೆಟ್ಟಿಲು ಎಲ್ಲವೂ ಅದಕ್ಕೆ ತನ್ನವಾಗುತ್ತವೆ. ಹದಿನಾಲ್ಕು ವಾರ ಮನುಷ್ಯರ ಒಡನಾಟವೇ ಇಲ್ಲದೆ ಬೆಳೆದ ಮರಿಗಳನ್ನು ಆಮೇಲೆ ಪಳಗಿಸುವುದು ಬಹುತೇಕ ಅಸಾಧ್ಯವೆಂದು ಅಮೆರಿಕದಲ್ಲಿ 1961ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಬೇಡರ ಮನೆಯ ಮರಿಗೆ ಈ ಪಾಠ ತಾನಾಗಿಯೇ ಸಿಗುತ್ತಿತ್ತು: ಮಕ್ಕಳು, ಚಕ್ಕಡಿ, ಕುಟ್ಟುವ ಸದ್ದು, ಬಂದುಹೋಗುವ ನೆಂಟರು. ತಗಡಿನ ಶೆಡ್ಡಿನಲ್ಲಿ ಹುಟ್ಟಿ, ಫೋನಿನಲ್ಲಿ ಫೋಟೊ ನೋಡಿ ಮಾರಾಟವಾಗಿ, ರಟ್ಟಿನ ಡಬ್ಬದಲ್ಲಿ ರಾತ್ರಿ ಬಸ್ಸಿಗೆ ಬರುವ ಮರಿಗೆ ಅದು ಎಲ್ಲಿಂದ ಸಿಗಬೇಕು? ಸಾಕಣೆದಾರರನ್ನಷ್ಟೇ ದೂರಿ ಫಲವಿಲ್ಲ. ಅವರಲ್ಲಿ ಅನೇಕರು ಸಣ್ಣ ರೈತರು, ಕೊಳ್ಳುವವರು ಕೇಳಿದ್ದನ್ನೇ ಕೊಡುತ್ತಾರೆ.

ಒಂದು ಮಾತನ್ನು ಇಲ್ಲಿ ಬೇರೆಯಾಗಿಯೇ ಹೇಳುತ್ತೇನೆ. ಇದುವರೆಗೆ ಮೆತ್ತಗಿದ್ದ ನಾಯಿಯ ಗುಣ ಕೆಲವೇ ದಿನಗಳಲ್ಲಿ ಕೆಟ್ಟರೆ ತಳಿಯ ಚರ್ಚೆ ಬೇಡ, ಕೂಡಲೇ ವೈದ್ಯರಿಗೆ ತೋರಿಸಿ. ಕಿವಿಯ ಸೋಂಕು, ಬೆನ್ನುನೋವು, ಥೈರಾಯ್ಡ್ ತೊಂದರೆ, ಏನೂ ಇರಬಹುದು. ಲಸಿಕೆ ತಪ್ಪಿಸಿದ ನಾಯಿಯಾದರೆ ರೇಬೀಸ್ ಸಂಶಯ ಮೊದಲು ಬರಬೇಕು.

ಈಗಾಗಲೇ ಅಂಜುವ ನಾಯಿ ಮನೆಯಲ್ಲಿದ್ದರೆ ಹೊಡೆದು ಬುದ್ಧಿ ಕಲಿಸಲು ಹೋಗಬೇಡಿ. ದಿನಕ್ಕೆರಡು ಸಲ ಓಡಿಸಿ, ಬೇಲಿ ಇರುವ ಬಯಲು ಸಿಕ್ಕರೆ ಮಾತ್ರ ಹಗ್ಗ ಬಿಚ್ಚಿ. ಮೊಲವೋ ಬೆಕ್ಕೋ ಕಣ್ಣಿಗೆ ಬಿದ್ದರೆ ನಿಮ್ಮ ಕೂಗು ಅದರ ಕಿವಿಗೆ ತಲುಪುವುದಿಲ್ಲ. ಕಟ್ಟುವ ಜಾಗವನ್ನು ಗೇಟಿನಿಂದ ಹಿತ್ತಲಿಗೆ ಬದಲಿಸಿದರೇ ಕೆಲವು ನಾಯಿಗಳು ವಾರದೊಳಗೆ ತಣ್ಣಗಾಗುತ್ತವೆ. ಬಂದ ನೆಂಟರಿಗೆ "ಮುಟ್ಟಬ್ಯಾಡ್ರಿ, ಅದರ ಕಡೆ ನೋಡಬ್ಯಾಡ್ರಿ, ಸುಮ್ನ ಕೂಡ್ರಿ" ಅಂತ ಹೇಳಿ. ನಾನೂ ಹಾಗೇ ಮಾಡುತ್ತೇನೆ. ಮುಧೋಳ ನಾಯಿಯನ್ನು ಆದಷ್ಟು ಮೇಜಿನ ಮೇಲೆ ಏರಿಸುವುದಿಲ್ಲ, ನೆಲದ ಮೇಲೆ ಅದರ ಪಕ್ಕಕ್ಕೆ ಕೂತು ಪರೀಕ್ಷಿಸುತ್ತೇನೆ.

ಹೊಸದಾಗಿ ತರುವವರು ಮುಧೋಳಕ್ಕೆ ತಾವೇ ಹೋಗಿ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ನೀವೂ ಕೊಳ್ಳಬೇಡಿ. ಮರಿಗಿಂತ ಮೊದಲು ತಾಯಿಯನ್ನು ಹೊರಗೆ ಬಿಡಿಸಿ, ಅರ್ಧ ಗಂಟೆ ಅದರ ಅಂಗಳದಲ್ಲಿ ಕೂಡಿ. ದೂರ ನಿಂತು ನೋಡಿ, ಆಮೇಲೆ ನಿಧಾನವಾಗಿ ಮೂಸಲು ಬಂದರೆ ಅದು ಹಳೆಯ ಮುಧೋಳ. ಮೂಲೆಗೆ ಸರಿದು ನಡುಗಿದರೆ, ಮರಿ ಎಷ್ಟೇ ಚೆಂದವಿರಲಿ, ಮುಂಗಡ ಕೊಡಬೇಡಿ. ಏಕೆ ಕೊಳ್ಳಲಿಲ್ಲ ಎಂಬುದನ್ನು ಸಾಕಣೆದಾರರಿಗೆ ಮುಖಾಮುಖಿ ಹೇಳಿ ಬನ್ನಿ. ಹತ್ತು ಜನ ಹಾಗೆ ಹೇಳಿದರೆ ಮುಂದಿನ ಸಲ ಅವರು ಆ ಹೆಣ್ಣಿನಿಂದ ಮರಿ ಮಾಡಿಸುವುದಿಲ್ಲ.